ರಸಪರೀಕ್ಷೆಯೂ ನಾಮಮೋಹವೂ

ಬೆಂಗಳೂರಿನ ದಕ್ಷಿಣದಲ್ಲಿ, ಬನ್ನೇರುಘಟ್ಟದ ರಸ್ತೆಯ ಮಗ್ಗುಲಲ್ಲಿರುವ ಹುಳಿಮಾವು ಎಂಬ ಊರಿನ ಹೆಸರನ್ನು ಕೇಳಿದೊಡನೆಯೇ ಬಾಯಲ್ಲಿ ನೀರೂರುವುದು. ಕಣ್ಣು ಹಣ್ಣನ್ನು ಕಂಡಿಲ್ಲ, ನಾಲಗೆ ಮುಟ್ಟಿಲ್ಲ. ಆದರೂ ಹುಳಿಯ ಅನುಭವವು ಆಗಿಯೇ ಹೋಯಿತು. ಬರಿಯ ಹೆಸರಿಗೆ ಇಷ್ಟು ಬಲವುಂಟಾದರೆ, ಲೋಕವು ರುಚಿಯೆಂದು ಕರೆಯುವುದರಲ್ಲಿ ವಸ್ತುವಿನ ಗುಣವೆಷ್ಟು, ಹೆಸರಿನ ಮಾಯೆಯೆಷ್ಟು ಎಂಬ ಪ್ರಶ್ನೆಯು ತಾನಾಗಿಯೇ ಏಳುತ್ತದೆ.

ಈ ಪ್ರಶ್ನೆಯ ವಿಚಾರಕ್ಕೆ ವೈನಿನ ಪರೀಕ್ಷೆಯು ಒಳ್ಳೆಯ ನಿದರ್ಶನವಾಗಿದೆ. ಮದ್ಯವನ್ನು ಹೊಸಲಿನೊಳಕ್ಕೆ ಬಿಡದ ಮನೆಯವರೂ ಇದಕ್ಕೆ ಕಿವಿಗೊಡಬಹುದು; ಏಕೆಂದರೆ ಇದು ಪಾನದ ಮಾತಲ್ಲ, ತೀರ್ಪಿನ ಮಾತು.

ಕಪ್ಪು ದ್ರಾಕ್ಷಿಯ ರಸವನ್ನು ಸಿಪ್ಪೆಯೊಡನೆ ಹುಳಿಯಿಸಿದರೆ ಕೆಂಪು ವೈನಾಗುವುದು. ಸಿಪ್ಪೆಯನ್ನು ಬೇರ್ಪಡಿಸಿ ರಸವನ್ನು ಮಾತ್ರ ಹುಳಿಯಿಸಿದುದು ಬಿಳಿಯ ವೈನು. ಆಯುರ್ವೇದದ ಷಡ್ರಸಗಳ ಭಾಷೆಯಲ್ಲಿ ಹೇಳುವುದಾದರೆ, ಸಿಪ್ಪೆ ಬೀಜಗಳಿಂದ ಬರುವ ಕಷಾಯರಸವು ಕೆಂಪಿನ ಬೆನ್ನೆಲುಬು. ಆಮ್ಲರಸವು ಬಿಳಿಯದರ ಜೀವ. ಪರೀಕ್ಷಕರು ಬಟ್ಟಲನ್ನು ಬಿಳಿಯ ಬಟ್ಟೆಯ ಮುಂದೆ ಓರೆಯಾಗಿ ಹಿಡಿದು ಬಣ್ಣವನ್ನು ನೋಡುವರು, ಕುಲುಕಿ ಮೂಸುವರು, ಒಂದು ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿ, ಬಳಿಕ ಉಗುಳಿಬಿಡುವರು. ಹಲವು ಬಗೆಗಳಿದ್ದರೆ ಸಾಮಾನ್ಯವಾಗಿ ಬಿಳಿಯವು ಮೊದಲು, ಕೆಂಪಿನವು ಆಮೇಲೆ. ಒಗರು ತುಂಬಿದ ಬಾಯಿಗೆ ಸೂಕ್ಷ್ಮವಾದ ಹುಳಿಯು ತಿಳಿಯದು.

ಇಷ್ಟು ಎಚ್ಚರಿಕೆಯಿದ್ದರೂ ಇಂದ್ರಿಯಗಳು ಮೋಸಹೋಗುವುವು. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ ವೈನುಶಾಸ್ತ್ರವನ್ನು ಕಲಿಯುತ್ತಿದ್ದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರಸಿದ ಬಿಳಿಯ ವೈನನ್ನು ಕೊಟ್ಟರು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು. ಕಣ್ಣು ಹೇಳಿದುದನ್ನು ಮೂಗು ಒಪ್ಪಿಕೊಂಡಿತು. 1976ರ ಮೇ 24ರಂದು ಪ್ಯಾರಿಸಿನಲ್ಲಿ ಇದರ ಇನ್ನೊಂದು ಮುಖವು ಕಂಡುಬಂದಿತು. ಅಲ್ಲಿ ಫ್ರೆಂಚ್ ಪರೀಕ್ಷಕರ ಮುಂದೆ ಫ್ರಾನ್ಸಿನ ಮತ್ತು ಕ್ಯಾಲಿಫೋರ್ನಿಯದ ವೈನುಗಳನ್ನು ಹೆಸರು ಮರೆಮಾಡಿ ಇಟ್ಟರು. ಕೆಂಪು ಬಿಳಿ ಎರಡರಲ್ಲಿಯೂ ಪ್ರಥಮ ಸ್ಥಾನವು ಕ್ಯಾಲಿಫೋರ್ನಿಯಕ್ಕೆ ಸಂದಿತು. ಹೆಸರು ಕಾಣುವಂತಿದ್ದರೆ ಆ ತೀರ್ಪು ಹೊರಡುತ್ತಿತ್ತೆ?

ಹಾಗಾದರೆ ರುಚಿಯೆಂಬುದೆಲ್ಲ ಭ್ರಮೆಯೇ? ಅವರವರ ರುಚಿ ಅವರವರಿಗೆ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಸ್ಕಾಟ್ಲೆಂಡಿನ ತತ್ತ್ವಜ್ಞನಾದ ಡೇವಿಡ್ ಹ್ಯೂಮನು 1757ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ಡಾನ್ ಕ್ವಿಕ್ಸೋಟ್’ ಕಥೆಯ ಒಂದು ಪ್ರಸಂಗವನ್ನು ಎತ್ತಿಕೊಂಡಿದ್ದಾನೆ. ಪೀಪಾಯಿಯೊಂದರ ವೈನನ್ನು ಸವಿದು, ಒಳ್ಳೆಯದೇ ಸರಿ, ಆದರೆ ತುಸು ತೊಗಲಿನ ರುಚಿಯಿದೆ ಎಂದನು ಒಬ್ಬ. ಕಬ್ಬಿಣದ ರುಚಿಯಿದೆ ಎಂದನು ಇನ್ನೊಬ್ಬ. ನೆರೆದವರು ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ಪಟ್ಟಿ ಕಟ್ಟಿದ ಬೀಗದಕೈ ಸಿಕ್ಕಿತು! ಗುಣವು ವಸ್ತುವಿನಲ್ಲಿಯೇ ಇದ್ದಿತು. ಅದನ್ನು ತಿಳಿಯುವ ನಾಲಗೆಯು ವಿರಳವಾಗಿದ್ದಿತು. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ರಸವನ್ನು ಭೋಜನದ ದೃಷ್ಟಾಂತದಿಂದ ವಿವರಿಸುವಾಗ, ಆಸ್ವಾದಿಸುವವನನ್ನು ಸುಮನಸ್ಕನೆಂದು ವಿಶೇಷಿಸಿರುವುದು ಇಲ್ಲಿ ಸ್ಮರಣೀಯವಾಗಿದೆ. ರಸವು ಮನಸ್ಸಿನ ಶುದ್ಧಿಯನ್ನೂ ಬೇಡುತ್ತದೆ.

ದೂರದ ದೇಶಗಳ ಮಾತು ಹಾಗಿರಲಿ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ಸುತ್ತಿನಲ್ಲಿ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚನೆಯ ಮನ್ನಣೆಯು ದೊರೆಯಿತು. ಅದರ ಗಾಢವಾದ ಕಂಪನ್ನು ಯೂರೋಪಿನ ವೈನುಪರೀಕ್ಷಕರು ದೋಷವೆಂದೆಣಿಸುವರು. ನಂದಿಬೆಟ್ಟದ ತಪ್ಪಲಲ್ಲಿ ವೈನಿಗೆಂದು ಯೂರೋಪಿನ ತಳಿಗಳನ್ನು ಬೆಳೆಯುವರು. ಊರಿನ ಅಭಿಮಾನದಿಂದ ನೀಲಿಯನ್ನು ಮೇಲೆಂದು ಸಾಧಿಸುವವನೂ, ಊರಿನದೆಂಬುದರಿಂದಲೇ ಕೀಳೆಂದು ತಳ್ಳುವವನೂ ಸವಿದು ಹೇಳಿದವರಲ್ಲ, ಇಬ್ಬರದೂ ನಾಮಮೋಹವೇ.

ಆದುದರಿಂದ ತೀರ್ಪು ಹೇಳುವವನಿಗೆ ಎರಡು ವ್ರತಗಳು ಬೇಕು. ಮೊದಲನೆಯದು ಹೆಸರನ್ನು ಮುಚ್ಚುವುದು. ಉತ್ತರಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರಿಗೆ ಬದಲಾಗಿ ಸಂಖ್ಯೆಯನ್ನಿಡುವುದು ಪರೀಕ್ಷಕನು ದುಷ್ಟನೆಂದಲ್ಲ, ಮನುಷ್ಯನೆಂದು. ಎರಡನೆಯದು ಗುಟುಕನ್ನು ಉಗುಳುವುದು. ಭೋಗಕ್ಕೆ ಒಲಿದವನು ಹತ್ತನೆಯ ಬಟ್ಟಲಿನ ವೇಳೆಗೆ ಎಲ್ಲವನ್ನೂ ಹೊಗಳುವನು. ರಸವನ್ನು ಬಲ್ಲವನು ಅದನ್ನು ಬಿಡಲೂ ಬಲ್ಲವನಾಗಿರಬೇಕು.

ಬಟ್ಟಲಿಗೆ ಮುಸುಕು ಹಾಕಬಹುದು. ಮನೆಗೆ ಸೊಸೆಯನ್ನು ತರುವಾಗ, ಕೆಲಸಕ್ಕೆ ಒಬ್ಬನನ್ನು ಆರಿಸುವಾಗ, ನೆರೆಯವನ ಮಾತನ್ನು ತೂಗುವಾಗ ಮುಸುಕು ಹಾಕುವವರಾರು? ಕುಲ, ಊರು, ಉಡುಪುಗಳೆಂಬ ಚೀಟಿಗಳೆಲ್ಲವೂ ಅಲ್ಲಿ ಕಣ್ಣಿಗೆ ಕಾಣುತ್ತಲೇ ಇರುವುವು. ಅವುಗಳನ್ನು ಮನಸ್ಸೇ ಮುಚ್ಚಿಡಬೇಕಾಗುವುದು. ಅದು ವೈನಿನ ಪರೀಕ್ಷೆಗಿಂತಲೂ ಕಠಿನವಾದುದು. ಹುಳಿಮಾವಿನ ತೋಪಿನಲ್ಲಿಯೂ ಸಿಹಿಯಾದ ಹಣ್ಣಿರಬಹುದು. ಕಚ್ಚಿ ನೋಡುವ ಮುನ್ನ ಮುಖ ಸಿಂಡರಿಸುವುದು ನ್ಯಾಯವಲ್ಲ.