ತಪ್ಪು ತಿಳಿಯದವರ ತಪ್ಪು

ಇವತ್ತಿನ ಚಿಂತನೆ ಸ್ವಲ್ಪ ಉದ್ದವಾಗಿದೆ, ಬಿಡುವು ಮಾಡಿಕೊಂಡು ಓದಿ.

ಚಕ್ಖುಪಾಲ ಥೇರರ ಕಥೆ ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು. ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆಯಲ್ಲಿ ಬರುವುದೇ ಅದು. ಎರಡೂ ಕಣ್ಣು ಹೋಗಿದ್ದ ಆ ಭಿಕ್ಖು ಮಳೆ ಬಿದ್ದ ನೆಲದ ಮೇಲೆ ಚಂಕ್ರಮಣ ಮಾಡುವಾಗ ಕಾಲಡಿ ಸಿಕ್ಕಿ ಹುಳುಗಳು ಸತ್ತವು. ಕಂಡವರು ದೂರು ಒಯ್ದರು. ಅವರು ಕೊಲ್ಲುವುದನ್ನು ನೀವು ನೋಡಿದಿರಾ ಎಂದು ಬುದ್ಧರು ಕೇಳಿದರು. ಇಲ್ಲ ಎಂದರು. ಹಾಗೆಯೇ ಅವರೂ ಹುಳುಗಳನ್ನು ನೋಡಲಿಲ್ಲ, ಕೊಲ್ಲುವ ಚೇತನವೇ ಇಲ್ಲದ ಮೇಲೆ ದೋಷ ಎಲ್ಲಿಯದು ಎಂದು ಬುದ್ಧರು ತೀರ್ಮಾನ ಕೊಟ್ಟರು.

ಕಣ್ಣಿಲ್ಲದವರ ವಿಷಯದಲ್ಲಿ ಇದನ್ನು ಒಪ್ಪುವುದು ಸುಲಭ, ಅವರ ಕುರುಡು ನಮಗೆ ಕಾಣುತ್ತದೆ. ತನ್ನ ಮೈ ಏನು ಮಾಡುತ್ತಿದೆ ಎಂಬುದೇ ತನಗೆ ತಿಳಿಯದ ಇನ್ನೊಂದು ಕುರುಡಿದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪೂರಿಗಾಲಿಯ ನಮ್ಮ ಹಿರಿಯರೊಬ್ಬರಿಗೆ, ನಾವೆಲ್ಲ ದೊಡ್ಡಪ್ಪ ಅನ್ನುತ್ತೇವೆ, ಬಹಳ ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಊರಲ್ಲಿ ನಡುಕದ ಕಾಯಿಲೆ ಅಂತಾರೆ, ಆಯುರ್ವೇದದವರು ಕಂಪವಾತ ಅಂತಾರೆ. ಮಾತ್ರೆಯಿಂದ ಕೈನಡುಕ ತಗ್ಗಿದೆ. ಆದರೆ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಕಾಲು, ಭುಜ ತಾವಾಗಿಯೇ ಹೊಯ್ದಾಡುತ್ತವೆ. ಒಮ್ಮೆ ಧ್ಯಾನಕ್ಕೆ ಕೂತಾಗ ಪಕ್ಕದ ಹುಡುಗ, "ದೊಡ್ಡಪ್ಪ, ಕಾಲು ಅಲ್ಲಾಡಿಸಬೇಡಿ" ಅಂದ. "ನಾನೆಲ್ಲಪ್ಪ ಅಲ್ಲಾಡಿಸ್ತಾ ಇವ್ನಿ?" ಅಂದರು. ಸುತ್ತ ಓದುವಾಗ ಅವರ ದನಿ ಪಿಸುಮಾತಿಗೆ ಇಳಿದಿತ್ತು. ಜೋರಾಗಿ ಓದಿ ಎಂದರೆ, "ಕೂಗ್ತಾನೇ ಇವ್ನಲ್ಲ" ಎಂದು ನೊಂದುಕೊಂಡರು. ಹೇಳಿದರೂ ಒಪ್ಪಲ್ಲ, ವಯಸ್ಸಾದ ಮೇಲೆ ಹಠ ಜಾಸ್ತಿ ಎಂಬ ಮಾತು ಬಳಗದಲ್ಲಿ ಬಂತು. ದೊಡ್ಡಮ್ಮನ ಕಿವಿಗೂ ಅದು ಬಿತ್ತು. ಅಂದಿನಿಂದ ಇಬ್ಬರೂ ಕೂಟಕ್ಕೆ ಬಂದಿಲ್ಲ.

ಅದು ಹಠ ಅಲ್ಲ. ಅವಸರದಲ್ಲಿ ನಾವು ಒಂದು ಗುಂಡಿಯ ಬದಲು ಇನ್ನೊಂದನ್ನು ಒತ್ತಿಬಿಟ್ಟರೆ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲೇ ಮಿದುಳಿನ ಮುಂಭಾಗದ ನಡುವೆ ಸಣ್ಣದೊಂದು ವಿದ್ಯುತ್ ಅಲೆ ಏಳುತ್ತದೆ. ಬಾಯಲ್ಲಿ "ಅಯ್ಯೋ" ಬರುವುದಕ್ಕೂ ಮೊದಲೇ. 1990ರ ಆಸುಪಾಸಿನಲ್ಲಿ ಜರ್ಮನಿ ಮತ್ತು ಅಮೆರಿಕದ ಎರಡು ತಂಡಗಳು ಇದನ್ನು ಬೇರೆಬೇರೆಯಾಗಿ ಇಇಜಿಯಲ್ಲಿ ಗುರುತಿಸಿದವು. ತಪ್ಪಾಯಿತು ಎಂದು ಒಳಗೇ ಬಾರಿಸುವ ಗಂಟೆ ಅನ್ನಿ. ಈ ಗಂಟೆಗೂ ಡೋಪಮಿನ್ ಎಂಬ ರಾಸಾಯನಿಕಕ್ಕೂ ನಂಟಿದೆ ಎನ್ನುತ್ತಾರೆ. ಪಾರ್ಕಿನ್ಸನ್‌ನಲ್ಲಿ ಸಾಯುವುದು ಡೋಪಮಿನ್ ತಯಾರಿಸುವ ಕೋಶಗಳೇ. (ಅದಕ್ಕೆ ಕೊಡುವ ಔಷಧಿ ಎಲ್-ಡೋಪಾ ನಮ್ಮ ನಸುಗುನ್ನಿ ಬೀಜದಲ್ಲೂ ಇದೆ, ಮದರಾಸಿನ ವಿಜ್ಞಾನಿಗಳು 1937ರಲ್ಲೇ ಅದನ್ನು ಬೇರ್ಪಡಿಸಿದ್ದರು. ಹಾಗಂತ ಯಾರೂ ಬೀಜ ಅರೆದು ಕುಡಿಯಬೇಡಿ, ಪ್ರಮಾಣ ತಪ್ಪಿದರೆ ಅಪಾಯ.)

ಪಾರ್ಕಿನ್ಸನ್ ಇರುವವರಲ್ಲಿ ಈ ಅಲೆ ಚಿಕ್ಕದಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ, ಎಲ್ಲವೂ ಅಲ್ಲ. ಹಂಟಿಂಗ್ಟನ್ ಎಂಬ ಕಾಯಿಲೆಯಲ್ಲೂ ಹಾಗೆಯೇ. ಕೈಕಾಲು ಕುಣಿಯುತ್ತಿದ್ದರೂ ಅಲ್ಲಿ ರೋಗಿಗೆ ಅದರ ಅರಿವು ಕಡಿಮೆ. ಮಾತ್ರೆಯಿಂದ ಬರುವ ಹೊಯ್ದಾಟ ಕೂಡ ರೋಗಿಗಿಂತ ಮನೆಯವರಿಗೇ ಹೆಚ್ಚು ಕಾಣುತ್ತದೆ. ದನಿಯದೂ ಅದೇ ಕಥೆ: ಕೂಗುವಷ್ಟು ಶ್ರಮ ಅವರಿಗೆ ಆಗುತ್ತಿರುತ್ತದೆ, ಹೊರಗೆ ಬರುವುದು ಪಿಸುಮಾತು. ಇದೆಲ್ಲ ಒಂದೇ ಗಂಟೆಯ ಕೆಲಸ ಅಲ್ಲದಿರಬಹುದು. ಆದರೆ ದೊಡ್ಡಪ್ಪ ಸುಳ್ಳಂತೂ ಹೇಳಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಬೀಗ ಹಾಕಿದೆನೋ ಇಲ್ಲವೋ ಎಂದು ಹತ್ತು ಸಲ ತಿರುಗಿ ಹೋಗಿ ನೋಡುವ ಗೀಳು ರೋಗದಲ್ಲಿ ಈ ಅಲೆ ಸಾಮಾನ್ಯಕ್ಕಿಂತ ದೊಡ್ಡದಾಗಿರುತ್ತದೆ. ಅವರು ನಮಗಿಂತ ಹೆಚ್ಚು ಶೀಲವಂತರೇನಲ್ಲ, ಗಂಟೆ ನಿಲ್ಲದೆ ಹೊಡೆದುಕೊಳ್ಳುತ್ತಿದೆ, ಅಷ್ಟೇ. ಮಾಡಿದ್ದಕ್ಕೆ, ಬಿಟ್ಟಿದ್ದಕ್ಕೆ ಕೊರಗುವ ಕುಕ್ಕುಚ್ಚವನ್ನು ಬುದ್ಧರು ಐದು ನೀವರಣಗಳಲ್ಲಿ ಸೇರಿಸಿದ್ದು ನನಗೆ ಈಗ ಹೆಚ್ಚು ಅರ್ಥವಾಗುತ್ತಿದೆ. ತಪ್ಪಿಗೆ ಎಷ್ಟು ಬೇಗ ಮುಖ ಬಾಡುತ್ತದೆ ಎಂದು ನೋಡಿ ಮನುಷ್ಯನ ಶೀಲ ಅಳೆಯುವುದು ನಮ್ಮಲ್ಲಿ ರೂಢಿ. ಹಾಗೆ ಅಳೆದಾಗ ನಾವು ತೂಗುತ್ತಿರುವುದು ಎಷ್ಟೋ ಸಲ ಮಿದುಳಿನ ಕೋಶಗಳನ್ನು.

ಹಾಗಾದರೆ ಪ್ರತ್ಯವೇಕ್ಷಣೆ ಬೇಡವೇ? ಬೇಕು. ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ಕನ್ನಡಿಯಲ್ಲಿ ನೋಡಿದಂತೆ ನೋಡಿಕೊ ಎಂದು ರಾಹುಲನಿಗೆ ಹೇಳಿದ್ದು ಮಜ್ಝಿಮ ನಿಕಾಯದಲ್ಲಿದೆ. ಅದರಲ್ಲಿ ನಾವು ಬೇಗ ದಾಟಿಬಿಡುವ ಮಾತೊಂದಿದೆ: ಆಗಿಹೋದ ತಪ್ಪನ್ನು ಗುರುವಿನ ಮುಂದೆ, ತಿಳಿದ ಸಬ್ರಹ್ಮಚಾರಿಗಳ ಮುಂದೆ ತೆರೆದಿಡು ಎಂದು. ಕನ್ನಡಿ ಪೂರ್ತಿ ಒಬ್ಬನ ಕೈಯಲ್ಲೇ ಇಲ್ಲ. ವರ್ಷಾವಾಸ ಮುಗಿದಾಗ ನಡೆಯುವ ಪವಾರಣೆಯೂ ಇದೇ. ನನ್ನಲ್ಲಿ ಕಂಡದ್ದು, ಕೇಳಿದ್ದು, ಸಂಶಯ ಬಂದದ್ದು ಇದ್ದರೆ ಕರುಣೆಯಿಟ್ಟು ಹೇಳಿ ಎಂದು ಹಿರಿಯ ಭಿಕ್ಖುವೇ ಮೊದಲು ಕೇಳಬೇಕು.

ಆದರೆ ಕೇಳಬೇಕು ಎಂಬುದೇ ಹೊಳೆಯದವರು ಏನು ಮಾಡಬೇಕು? ಕೂಟಕ್ಕೆ ಬರಲಾರದವರು? ಕಾಯಿಲೆಯ ಭಿಕ್ಖುವಿನ ಬಗ್ಗೆ ವಿನಯದ ಮಹಾವಗ್ಗದಲ್ಲಿ ವಿವರವಾಗಿಯೇ ಇದೆ. ಅವನ ಪವಾರಣೆಯನ್ನು ಇನ್ನೊಬ್ಬ ಭಿಕ್ಖು ತರಬಹುದು. ಅದಾಗದಿದ್ದರೆ ಮಂಚ ಸಮೇತ ಅವನನ್ನು ಸಂಘದ ನಡುವೆ ಹೊತ್ತು ತರಬೇಕು. ಎತ್ತಿದರೆ ಕಾಯಿಲೆ ಹೆಚ್ಚುತ್ತದೆ ಎಂದು ಆರೈಕೆ ಮಾಡುವವರಿಗೆ ಅನ್ನಿಸಿದರೆ, ಸಂಘವೇ ಅವನಿರುವಲ್ಲಿಗೆ ಹೋಗಬೇಕು.

ದೊಡ್ಡಮ್ಮನ ಜೊತೆ ಮಾತಾಡಿದ್ದೇನೆ. ಈ ಭಾನುವಾರ ಸಂಜೆ 5ಕ್ಕೆ ಕೂಟ ಪೂರಿಗಾಲಿಯಲ್ಲಿ, ಅವರ ಮನೆ ಜಗಲಿ ಮೇಲೆ. ಸುತ್ತ ದೊಡ್ಡಪ್ಪನೇ ಓದುತ್ತಾರೆ, ಹತ್ತಿರ ಹತ್ತಿರ ಕೂತುಕೊಳ್ಳೋಣ.