ಪೆಟ್ಟಿನ ತೂಕ

ಮೇ ತಿಂಗಳ ಒಂದು ಸಂಜೆ ನಮ್ಮ ಮನೆಯ ಮುಂದಿದ್ದ ಗುಲ್‌ಮೊಹರ್ ಮರ ಗಾಳಿಗೆ ಬುಡಸಮೇತ ಉರುಳಿತು. ಬೆಂಗಳೂರಿಗೆ ಇದೇನೂ ಹೊಸದಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಪ್ರತಿ ವರ್ಷವೂ ಮರಗಳು ಬೀಳುತ್ತವೆ. ಮರುದಿನ ಪತ್ರಿಕೆಯಲ್ಲಿ ಜಜ್ಜಿಹೋದ ಕಾರಿನ ಚಿತ್ರ ಬರುತ್ತದೆ. ನಾವು ಕಾಫಿ ಕುಡಿಯುತ್ತ ‘ಅಯ್ಯೋ’ ಎಂದು ಪುಟ ತಿರುವುತ್ತೇವೆ. ಈ ಸಲ ನನಗೆ ಪುಟ ತಿರುವಲಾಗಲಿಲ್ಲ.

ಮರ ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ನಡುಕಾಂಡದ ಕೆಳಗೆ ಎದುರುಮನೆಯವರ ಕಾರು. ತುದಿಯ ಕೊಂಬೆಗಳ ಕೆಳಗೆ ಇಸ್ತ್ರಿ ಗಾಡಿ. ಗಾಡಿಯವನ ಬಲಗೈ ಎರಡು ಕಡೆ ಮುರಿಯಿತು. ಇಪ್ಪತ್ತು ವರ್ಷದಿಂದ ನನ್ನ ಅಂಗಿಗಳಿಗೆ ಗೆರೆ ಕೂರಿಸಿದ ಕೈ ಅದು.

ನನ್ನ ತಂಗಿಯ ಮಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಲವಿಜ್ಞಾನ ಕಲಿಸುತ್ತಾನೆ. ಅವನನ್ನು ಕೇಳಿದೆ: “ಅಂಥ ಮರ ಎಷ್ಟು ಬಲದಿಂದ ಬಿದ್ದಿರಬಹುದು?”

“ಯಾವುದರ ಮೇಲೆ ಬಿದ್ದದ್ದು, ಮಾವ?” ಎಂದ.

ನನಗೆ ರೇಗಿತು. ಮರದ ಬಲ ಕೇಳಿದರೆ ಕೆಳಗಿದ್ದವರ ವಿಚಾರ ಇವನಿಗೇಕೆ? ಅವನು ಶಾಂತವಾಗಿ ವಿವರಿಸಿದ. ಮರದ ತೂಕ, ಎತ್ತರ ಗೊತ್ತಾದರೆ ಅದು ಹೊತ್ತು ತರುವ ಶಕ್ತಿಯ ಲೆಕ್ಕ ಸಿಗುತ್ತದೆ. ಆದರೆ ಪೆಟ್ಟಿನ ಬಲ ಬೇರೆ. ಬಿದ್ದದ್ದು ಎಷ್ಟು ದೂರದಲ್ಲಿ ನಿಂತಿತು ಎಂಬುದರ ಮೇಲೆ ಅದು ನಿಂತಿದೆ. ಲೆಕ್ಕ ಸುಲಭವಾಗಲೆಂದು, ನೂರು ಕಿಲೋ ತೂಕದ ಕೊಂಬೆಯೊಂದು 6 ಮೀಟರ್ ಮೇಲಿನಿಂದ ನೇರವಾಗಿ ಬಿತ್ತೆನ್ನಿ. ಕೆಸರಿನಲ್ಲಿ 30 ಸೆಂಟಿಮೀಟರ್ ಹೂತು ನಿಂತರೆ ಪೆಟ್ಟು ಹೆಚ್ಚುಕಡಿಮೆ ಎರಡು ಟನ್ನಿನದು. ಒಂದೇ ಸೆಂಟಿಮೀಟರಿನಲ್ಲಿ ನಿಲ್ಲಬೇಕಾಗಿ ಬಂದರೆ ಅರವತ್ತು ಟನ್ನಿನದು. ಕೊಂಬೆ ಅದೇ, ಎತ್ತರ ಅದೇ.

ಗೆಲಿಲಿಯೊನನ್ನೂ ಈ ಪ್ರಶ್ನೆ ಕಾಡಿತ್ತು. ಗೂಟದ ಮೇಲೆ ಬೀಳುವ ಕೊಡತಿಯ ಪೆಟ್ಟು ಎಷ್ಟು ಭಾರಕ್ಕೆ ಸಮ? ಗೂಟ ಮಣಿಯದಷ್ಟೂ ಆ ಭಾರ ಬೆಳೆಯುತ್ತಲೇ ಹೋಗುತ್ತದೆ! 1638ರಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥದಲ್ಲಿ ಈ ಭಾಗ ಸೇರಲಿಲ್ಲ. ಅವನು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, 1718ರಲ್ಲಿ, ಅದು ಬೆಳಕು ಕಂಡಿತು.

ಹುಡುಗ ಇನ್ನೊಂದು ಮಾತು ಹೇಳಿದ. ಹತ್ತು ಮೀಟರ್ ಮೇಲಿನಿಂದ ಕಲ್ಲು ಬಿಟ್ಟರೆ ಅದು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಅಷ್ಟೇ ಉದ್ದದ, ಒಂದೇ ದಪ್ಪದ ದಿಮ್ಮಿ ಬುಡ ಕದಲದೆ ಉರುಳಿದರೆ ಅದರ ತುದಿಯ ವೇಗ 60ನ್ನು ದಾಟುತ್ತದೆ. ಎಲೆ ತುಂಬಿದ ಮರವನ್ನು ಗಾಳಿ ಒಂದಿಷ್ಟು ತಡೆಯುತ್ತದೆ, ನಿಜ. ಆದರೂ ಬುಡದ ಬಳಿ ಇರುವವನಿಗೆ ಮರ ಮೆಲ್ಲಗೆ ವಾಲಿದಂತೆ ಕಾಣುತ್ತದೆ. ದೂರದ ತುದಿಯಲ್ಲಿ ನಿಂತವನಿಗೆ ಅದು ಬೇರೆಯೇ ಮರ.

ಬುಡದ ಬಳಿ ಇದ್ದವನು ನಾನು. ಈಗ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಗೇಟಿನ ಮುಂದೆ ಕಾರು ಹತ್ತಿಸಲು ಇಳಿಜಾರು ಕಟ್ಟಿಸಿದೆ. ನಮ್ಮ ಕಡೆಯ ಎರಡು ದಪ್ಪ ಬೇರುಗಳು ಅಡ್ಡ ಬಂದವು. “ಕಡಿದುಬಿಡಲಾ ಸಾರ್?” ಎಂದ ಮೇಸ್ತ್ರಿ. ನಾನು ತಲೆಯಾಡಿಸಿದೆ. ಗಾಳಿ ಬರುವ ಕಡೆಯ ಬೇರು ಡೇರೆಯ ಹಗ್ಗದ ಹಾಗೆ ಮರವನ್ನು ಎಳೆದು ಹಿಡಿದಿರುತ್ತದೆಂದು ನನಗೆ ಆಗ ತಿಳಿದಿರಲಿಲ್ಲ. ತಿಳಿಯಬೇಕೆಂದು ಯಾರನ್ನೂ ಕೇಳಲೂ ಇಲ್ಲ. ಮರ ನಮ್ಮ ಮನೆಗೆ ಬೆನ್ನು ಹಾಕಿ ಬಿದ್ದದ್ದು ದೈವಕೃಪೆ ಎಂದು ನಮ್ಮವಳು ದೀಪ ಹಚ್ಚಿದಳು.

ಹಾಗಾಗಿ ನನಗೆ ಬೇಕಾಗಿದ್ದದ್ದು ದೊಡ್ಡದೊಂದು ಅಂಕಿ. ಅಂಕಿ ದೊಡ್ಡದಾದಷ್ಟೂ ನನ್ನ ಪಾಲು ಚಿಕ್ಕದಾಗುತ್ತದೆಂದು ಎಣಿಸಿದ್ದೆ. ಆದರೆ ಆತ ಆ ಹೊತ್ತಿಗೆ ಚಹಾ ಕುಡಿಯಲು ಹೋಗಿದ್ದರೆ? ಕಡಿದ ಬೇರು ಅದೇ ಎರಡು. ನಾನು ತಲೆಯಾಡಿಸಿದ್ದೂ ಅಷ್ಟೇ. ನಮ್ಮ ಬೀದಿಯಲ್ಲೇ ಹೀಗೆ ಬೇರು ಕಡಿಸಿದವರು ಇನ್ನೂ ನಾಲ್ವರಿದ್ದಾರೆ. ಅವರ ಮರಗಳು ನಿಂತಿವೆ, ಅವರು ಸುಖವಾಗಿ ನಿದ್ರಿಸುತ್ತಾರೆ. ಅವರಿಗಿಂತ ನಾನು ಹೆಚ್ಚು ತಪ್ಪಿತಸ್ಥನೆ? ತರ್ಕ ಅಲ್ಲವೆನ್ನುತ್ತದೆ. ಆಸ್ಪತ್ರೆಯ ಮಂಚದ ಪಕ್ಕ ನಿಂತಾಗ ಆ ತರ್ಕ ನನ್ನ ನೆರವಿಗೆ ಬರಲಿಲ್ಲ. ಅತ್ತ, ಪೆಟ್ಟು ತಿಂದವನ ಮೇಲೆಯೇ ಪೆಟ್ಟು ನಿಂತಿದೆ ಎಂಬ ಮಾತಿಗೆ ಇನ್ನೊಂದು ಅಪಾಯವೂ ಉಂಟು. “ಗಾಳಿ ಎದ್ದಾಗ ಅವನು ಅಲ್ಲೇಕೆ ನಿಂತಿದ್ದ?” ಎಂದು ಬೀದಿಯ ಹಿರಿಯರೊಬ್ಬರು ಕೇಳಿಯೇ ಕೇಳಿದರು. ಇಸ್ತ್ರಿ ಗಾಡಿ ಮತ್ತೆಲ್ಲಿ ನಿಲ್ಲಬೇಕೋ ಅವರು ಹೇಳಲಿಲ್ಲ.

ಕಾರಿನ ತಗಡು ಮಣಿದು ಪೆಟ್ಟನ್ನು ನುಂಗಿತು. ಉಳಿದದ್ದನ್ನು ವಿಮೆ ನುಂಗಿತು. ಅದೂ ಒಂದು ಬಗೆಯ ಕೆಸರೇ ಅಲ್ಲವೆ, ಪೆಟ್ಟನ್ನು ಹಲವು ಜನರ ಕಂತುಗಳಲ್ಲಿ ಹರಡಿ ಮೆತ್ತಗಾಗಿಸುವ ಕೆಸರು? ದಿನದ ದುಡಿಮೆಯಲ್ಲಿ ದಿನ ಕಳೆಯುವವನಿಗೆ ಅಂಥ ಒಂದು ಅಂಗುಲದ ಮೆತ್ತೆಯೂ ಇಲ್ಲ. ಮೂಳೆ ಮುರಿದ ಸಂಜೆಯೇ ಮನೆಯ ಒಲೆಗೂ ಪೆಟ್ಟು ಬಿತ್ತು.

ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆ. “ಗಾಳಿ ಸಾರ್, ನೀವೇನ್ ಮಾಡ್ತೀರಿ. ನಿಮ್ಮದು ದೊಡ್ಡ ಮನಸ್ಸು” ಎಂದು ಆತ ಎಡಗೈಯನ್ನೇ ಎತ್ತಿ ನಮಸ್ಕರಿಸಿದ. ಬೇರಿನ ಸಂಗತಿ ಬಾಯಿಗೆ ಬಂದಿತ್ತು, ದಾದಿ ಒಳಗೆ ಬಂದಳು, ಹೇಳದೆಯೇ ಹೊರಟುಬಂದೆ. ಈಗ ಗಾಡಿಯಲ್ಲಿ ಆತನ ಮಗ ನಿಲ್ಲುತ್ತಾನೆ. ಹುಡುಗನಿಗೆ ಇನ್ನೂ ಕೈ ಕುದುರಿಲ್ಲ, ಕಾಲರಿನ ತುದಿ ಮಡಿಚಿಕೊಳ್ಳುತ್ತದೆ. ಬಟ್ಟೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದುಕೊಡುವಾಗ, “ಅಪ್ಪ ನಿಮ್ಮನ್ನ ಕೇಳ್ತಿದ್ರು ಸಾರ್” ಎನ್ನುತ್ತಾನೆ.