ಶಾಂತಿಯ ಬೆಲೆ ಯಾರು ತೆರುತ್ತಾರೆ?

ಭಾನುವಾರದ ಬಲಿಪೂಜೆಯಲ್ಲಿ, ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿಗೆ, ಲೋಕಶಾಂತಿಗಾಗಿ ಬೇಡಿಕೊಳ್ಳುತ್ತೇವೆ. ಆ ಶಾಂತಿ ಎಷ್ಟೋ ಸಲ ಬ್ಯಾಂಕಿನ ಹಣದ ಬೆನ್ನೇರಿ ಬರುತ್ತದೆ ಎಂಬುದು ನಮಗೆ ಹೊಳೆಯುವುದಿಲ್ಲ. ಸಂತ ಪೋಪ್ ಆರನೇ ಪೌಲರು 1967ರ ವಿಶ್ವಪತ್ರದಲ್ಲಿ, ರಾಷ್ಟ್ರಗಳು ಶಸ್ತ್ರಾಸ್ತ್ರಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದು ಬಡವರಿಗಾಗಿ ಜಾಗತಿಕ ನಿಧಿ ಕಟ್ಟಿರೆಂದು ಕೇಳಿದ್ದರು. ಹಣದಿಂದ ಶಾಂತಿ ಕಟ್ಟಬಹುದು ಎಂದೇ ಇಟ್ಟುಕೊಳ್ಳೋಣ. ಆ ಶಾಂತಿಯ ಬೆಲೆ ತೆರುವವರು ಯಾರು?

ಹೊಳೆಯ ದಂಡೆಯವರಾದ ನಮಗೆ ನೀರಿನ ಮಾತೇ ಬೇಗ ತಿಳಿಯುತ್ತದೆ. ದೇಶ ಒಡೆದ ಮೇಲೆ ಸಿಂಧೂ ಕಣಿವೆಯ ನೀರಿಗಾಗಿ ಭಾರತ, ಪಾಕಿಸ್ತಾನಗಳು ಜಗಳಕ್ಕೆ ನಿಂತವು. ವಿಶ್ವಬ್ಯಾಂಕ್ ನಡುವೆ ಕೂತು ವರ್ಷಗಟ್ಟಲೆ ಮಾತಾಡಿಸಿತು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ, ಅಯೂಬ್ ಖಾನ್ ಸಹಿ ಹಾಕಿದರು. ಬ್ಯಾಂಕಿನ ಸಹಿಯೂ ಬಿತ್ತು. ಬುದ್ಧಿ ಹೇಳಿ ಎದ್ದುಹೋಗದೆ, ಬ್ಯಾಂಕು ಹಲವು ದೇಶಗಳಿಂದ ಹಣವನ್ನೂ ಕೂಡಿಸಿಕೊಟ್ಟಿತು. 1965, 1971ರ ಯುದ್ಧಗಳಲ್ಲೂ ಒಪ್ಪಂದ ಮುರಿಯಲಿಲ್ಲ. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಅರವತ್ತು ವರ್ಷ ದಾಟಿ ನಿಂತದ್ದು ಸಣ್ಣ ಮಾತಲ್ಲ.

ಆದರೆ ಆ ಏರ್ಪಾಟಿನಲ್ಲೇ ಎದ್ದ ಮಂಗ್ಲಾ ಅಣೆಕಟ್ಟಿನ ಹಿನ್ನೀರಿಗೆ ಮೀರ್‌ಪುರ ಸೀಮೆಯ ಲಕ್ಷದಷ್ಟು ಜನ ಮನೆ, ಹೊಲ, ಗೋರಿಗಳನ್ನು ಬಿಟ್ಟುಕೊಟ್ಟರು. ಎಷ್ಟೋ ಮಂದಿ ಇಂಗ್ಲೆಂಡಿನ ಗಿರಣಿಗಳಿಗೆ ದುಡಿಯಲು ಹೋದರು. ಕರಾಚಿಯ ಆ ಮೇಜಿನ ಸುತ್ತ ಅವರಿಗೆ ಕುರ್ಚಿ ಇರಲಿಲ್ಲ.

ಇದು ದೂರದ ಕತೆಯೇನಲ್ಲ. ಭೀಮೆ ಬಂದು ಕೂಡುವ ನಮ್ಮ ಕೃಷ್ಣೆಯ ಮೇಲ್ಗಡೆ, ಕೃಷ್ಣಾ ಮೇಲ್ದಂಡೆ ಯೋಜನೆಗೂ ವಿಶ್ವಬ್ಯಾಂಕ್ ಸಾಲ ಕೊಟ್ಟಿತ್ತು. ಮುಳುಗಡೆಯಾದವರ ಪುನರ್ವಸತಿ ಹದಗೆಟ್ಟಾಗ, 1992ರಲ್ಲಿ, ಹಣ ತಡೆಹಿಡಿಯಿತು. ಊರು ಕಳೆದುಕೊಂಡವರ ಕೂಗಿಗಿಂತ ಕಟ್ಟಿದ ಥೈಲಿ ಬೇಗ ಕೇಳಿಸಿತೆಂಬುದು ಸಮಾಧಾನದ ಸಂಗತಿಯೋ ನಾಚಿಕೆಯ ಸಂಗತಿಯೋ, ನಮಗೆ ಇನ್ನೂ ಬಗೆಹರಿದಿಲ್ಲ.

ಸಾಲ ಕೊಟ್ಟವನೇ ಪಂಚಾಯಿತಿಗೂ ಕೂತರೆ ನ್ಯಾಯ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದಲೇ ಬ್ಯಾಂಕಿನ ಜೊತೆ ಇನ್ನೊಂದು ಕೈ ಬೇಕು. ಯುದ್ಧದಿಂದ ನಲುಗಿದ ಯೆಮೆನ್‌ನಲ್ಲಿ ವಿಶ್ವಬ್ಯಾಂಕ್ ತನ್ನ ಅನುದಾನವನ್ನು ಯುನಿಸೆಫ್, ಯುಎನ್‌ಡಿಪಿಯಂಥ ವಿಶ್ವಸಂಸ್ಥೆಯ ಅಂಗಗಳ ಮೂಲಕ ಬಡವರ ಮನೆಗೂ ಆಸ್ಪತ್ರೆಗೂ ಮುಟ್ಟಿಸುತ್ತಾ ಬಂದಿದೆ. ಹೀಗೆ ಹೊರಗಿನಿಂದ ಅನ್ನ ಬರುತ್ತಿದ್ದರೆ ಕಾದಾಡುವ ನಾಯಕರಿಗೆ ರಾಜಿಯ ಅವಸರವೇ ಇರುವುದಿಲ್ಲ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕಲಾರೆವು. ಆದರೂ ನಾಯಕರ ಸಹಿ ಬೀಳುವ ತನಕ ಹಸಿದ ಮಗುವನ್ನು ಕಾಯಿಸಬಹುದೆಂದು ನಾವು ಒಪ್ಪುವುದಿಲ್ಲ. ವಿಶ್ವಸಂಸ್ಥೆಯೂ ವಿಶ್ವಬ್ಯಾಂಕೂ 2018ರಲ್ಲಿ ಕೂಡಿ ತಂದ ವರದಿಯೊಂದು, ಭೂಮಿ, ನೀರು, ಅಧಿಕಾರಗಳಿಂದ ಹೊರಗುಳಿದವರ ನೋವಿನಲ್ಲೇ ಬಹಳಷ್ಟು ಕದನಗಳು ಹುಟ್ಟುತ್ತವೆಂದು ಹೇಳಿತು. ಇದನ್ನು ತಿಳಿಯಲು ನಮ್ಮ ರೈತರಿಗೆ ವರದಿ ಬೇಕಿರಲಿಲ್ಲವೆನ್ನಿ.

ರಾಜೋಳಿಬಂಡಾದ ಕಾಲುವೆಯನ್ನೇ ನೋಡಿ. ಒಡ್ಡು ಇರುವುದು ರಾಯಚೂರು ಜಿಲ್ಲೆಯಲ್ಲಿ. ಹಂಚಿಕೆಯಾದ ನೀರಿನಲ್ಲಿ 15.9 ಟಿಎಂಸಿ ಗದ್ವಾಲ, ಆಲಂಪುರ ಕಡೆಗೆ, 1.2 ಕರ್ನಾಟಕಕ್ಕೆ. ಕಾಲುವೆಯ ಕೊನೆಗೆ ನೀರು ಮುಟ್ಟುವುದಿಲ್ಲವೆಂಬ ದೂರು ಹಳೆಯದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುವ ನಮಗೆ ಎರಡೂ ಕಡೆಯವರ ಸಿಟ್ಟು ಅವರವರ ಮಾತಿನಲ್ಲೇ ಕೇಳಿಸುತ್ತದೆ. ಮುಂದಿನ ಸಲ ಸಂಧಾನದ ಸಭೆ ಸೇರಿದಾಗ, ಕಟ್ಟಕಡೆಯ ಹೊಲದವನನ್ನು ಕರೆದಿದ್ದೀರಾ ಎಂದು ಕೇಳುವವರು ನಮ್ಮಲ್ಲಿ ಯಾರು?